ಬೆಲ್ಲದ ಮಂಡಿಯ ತಕ್ಕಡಿ

ಬೆಲ್ಲದ ಮಂಡಿಯ ಆ ದೊಡ್ಡ ತಕ್ಕಡಿಯ ತಟ್ಟೆಯ ಮೇಲೆ ನಿಂತರೆ ಅಂಗಾಲಿಗೆ ಬೆಲ್ಲ ಅಂಟುತ್ತಿತ್ತು. ನಮ್ಮೂರಿನ ಬಾಕ್ಸಿಂಗ್ ಪಂದ್ಯಾವಳಿ ಹುಟ್ಟಿದ್ದೇ ಆ ಮಂಡಿಯಲ್ಲಿ. ಹಮಾಲರು ಕೈಗೆ ಗೋಣಿತಾಟು ಸುತ್ತಿಕೊಂಡು ಗುದ್ದಾಡುತ್ತಿದ್ದರು. ಗಾಡಿಯ ಹಗ್ಗವೇ ರಿಂಗು, ಗೆದ್ದವನಿಗೆ ಒಂದು ಅಚ್ಚು ಬೆಲ್ಲ. ಅದಕ್ಕೊಂದು ರೂಪ ಕೊಟ್ಟವರು ನಾನು ಮತ್ತು ನನ್ನ ಗೆಳೆಯ ಚನ್ನವೀರ. ಗ್ಲೌಸು ತರಿಸಿದೆವು, ಸುತ್ತಲಿನ ಊರಿನವರನ್ನು ಕರೆದೆವು. ಮುನ್ನಾದಿನ ಸಂಜೆ ತೂಕ, ತೂಕವಾದ ಮೇಲೆ ಹೊಟ್ಟೆ ತುಂಬ ಊಟ. ಅದು ನಾವೇ ಮಾಡಿಕೊಂಡ ಪದ್ಧತಿ.

ಪಂದ್ಯಾವಳಿ ಬೆಳೆಯಿತು. ಆ ವರ್ಷ ರಾಜ್ಯ ಸಂಘದವರೇ ನಡೆಸಿಕೊಡಲು ಬಂದರು. ಫೈನಲ್ ಗೆದ್ದವನು ರಾಜ್ಯ ತಂಡಕ್ಕೆ. ಅವರೊಂದಿಗಿನ ಮಾತುಕತೆಯೆಲ್ಲ ಚನ್ನವೀರನದು. ನನ್ನ ತೂಕದ ಫೈನಲ್ಲಿಗೆ ಬಂದವರೂ ನಾವಿಬ್ಬರೇ! ಅವನು ನನ್ನನ್ನು ಯಾವತ್ತೂ ಗೆದ್ದವನಲ್ಲ. ರಾಜ್ಯದ ಅಂಗಿ ತೊಡುವ ಆಸೆಗೆ ನಾನು ವಾರಗಟ್ಟಲೆ ಅರೆಹೊಟ್ಟೆಯಲ್ಲಿದ್ದೆ.

ಫೈನಲ್ಲಿನ ಮುನ್ನಾದಿನ ಸಂಜೆ ತಕ್ಕಡಿ ಏರಿದೆ. ನನ್ನ ತಟ್ಟೆ ತೂಕದ ಕಲ್ಲುಗಳಿದ್ದ ತಟ್ಟೆಗೆ ಸರಿಸಮನಾಗಿ ನಿಂತಿತು. ಚನ್ನವೀರ ನನ್ನನ್ನು ತಬ್ಬಿಕೊಂಡು ಸೀದಾ ಮನೆಗೆ ಕರೆದೊಯ್ದ. ಅವನ ತಾಯಿ ಶಿವಗಂಗಮ್ಮ ಹೋಳಿಗೆ ಮಾಡಿದ್ದಳು.

"ಉಣ್ಣಲೇ, ತೂಕ ಮುಗದೈತಲ್ಲ! ಯವ್ವಾ, ಇವಂಗ ಇನ್ನೊಂದು ಹಾಕು, ತುಪ್ಪ ಜಾಸ್ತಿ ಬಿಡು."

"ನೀ ಯಾಕ ಉಣವಲ್ಲಿ?"

"ನನ್ನ ಹೊಟ್ಟಿ ಸರಿ ಇಲ್ಲೋ."

ಅಯ್ಯೋ, ಪಾಪ ಅಂದುಕೊಂಡೆ. ಅವನ ಪಾಲಿನದನ್ನೂ ತಿಂದೆ. ನನ್ನ ಬುದ್ಧಿಗೆ ಅದೆಂಥ ಮಂಕು ಕವಿದಿತ್ತೋ!

ಬೆಳಿಗ್ಗೆ ಮಂಡಿಗೆ ಹೋದರೆ ಸಂಘದವರು ತಕ್ಕಡಿಯ ಪಕ್ಕ ನಿಂತಿದ್ದರು. ಮತ್ತೆ ಹತ್ತಿಸಿದರು. ನನ್ನ ತಟ್ಟೆ ನೆಲಕ್ಕೆ ಇಳಿಯಿತು.

"ನಿನ್ನೆ ತೂಕ ಆಗೇತಲ್ರೀ!" ಎಂದೆ.

"ಪಂದ್ಯದ ದಿನ ಬೆಳಿಗ್ಗೆ ಇನ್ನೊಮ್ಮೆ ತೂಕ ಮಾಡುವುದು ಸಂಘದ ನಿಯಮ. ನಿಮ್ಮ ಚನ್ನವೀರ ಅವರಿಗೆ ಹೋದ ತಿಂಗಳೇ ಹೇಳಿದ್ದೆವಲ್ಲ?"

ನಾನು ಚನ್ನವೀರನ ಕಡೆ ತಿರುಗಿದೆ. ಅವನು ಕೈಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ, ತಲೆ ಎತ್ತಲಿಲ್ಲ. ಹೊಟ್ಟೆ ಸರಿಯಿಲ್ಲದವನ ಮುಖದಲ್ಲಿ ಒಂದಿಷ್ಟೂ ಸುಸ್ತಿರಲಿಲ್ಲ. ಗುದ್ದಿ ಕೆಡವಿದ್ದರೆ ಎದ್ದು ನಿಲ್ಲುತ್ತಿದ್ದೆ. ಆ ಪಾಪಿ ಉಣ್ಣಿಸಿ ಕೆಡವಿದ, ಅದೂ ಹೆತ್ತ ತಾಯಿಯ ಕೈಯಿಂದ.

ತೂಕ ಮೀರಿದ್ದಕ್ಕೆ ನನ್ನನ್ನು ಪಂದ್ಯದಿಂದ ಹೊರಗಿಟ್ಟರು, ಒಂದು ಏಟನ್ನೂ ಹೊಡೆಯದೆ ಅವನು ಗೆದ್ದ. ಹಳೆಯ ರೂಢಿಯಂತೆ ಅಚ್ಚು ಬೆಲ್ಲ ಕೊಟ್ಟರು. ಅದರಿಂದ ಒಂದು ತುಂಡು ಮುರಿದುಕೊಂಡು, ಜನರೆಲ್ಲ ನೋಡುತ್ತಿದ್ದಂತೆ ನನ್ನ ಬಳಿ ಬಂದ.

"ತಗೋಲೇ, ಇದ್ರಾಗ ನಿಂದೂ ಪಾಲೈತಿ."

ಎಂಥ ಗೆಳೆತನವೆಂದು ಜನ ಚಪ್ಪಾಳೆ ತಟ್ಟಿದರು. ಅವನ ಬೆರಳು ನನ್ನ ತುಟಿಗೆ ತಾಗಿತು. ನಾನು ಬಾಯಿ ತೆರೆದೆ. ಅವನ ಬೆನ್ನ ಹಿಂದೆ ತಕ್ಕಡಿಯ ಖಾಲಿ ತಟ್ಟೆ ಇನ್ನೂ ಮೆಲ್ಲಗೆ ತೂಗಾಡುತ್ತಿತ್ತು.