ಒಳಗಿನ ಹಿಡಿ

"ಇದಕ್ಕೆ ಒಳಗಡೆ ಹಿಡಿ ಹಾಕು ಅಂತ ನಿಂಗೆ ಹೇಳಿದ್ದು ಯಾರು?"

ಮೇಸ್ತ್ರಿ ಹಸಿರು ಚೀಲವನ್ನು ಅವಳ ಹೊಲಿಗೆ ಮಿಷನ್ನಿನ ಮೇಲೆ ಹರಡಿದ. ಆಳುದ್ದದ ಚೀಲ. ನೀರು ಹಿಡಿಯದ ದಪ್ಪ ಬಟ್ಟೆ, ತಲೆಯಿಂದ ಕಾಲಿನವರೆಗೆ ಒಂದೇ ಜಿಪ್, ಎರಡೂ ಪಕ್ಕಕ್ಕೆ ಎತ್ತಲು ಮೂರು ಮೂರು ಪಟ್ಟಿ. ಸೈನ್ಯದ ಹೊಸ ಕೆಲಸ. ಏನೆಂದು ಯಾರೂ ಹೇಳಿರಲಿಲ್ಲ. ಚಳಿಯ ಗುಡ್ಡದಲ್ಲಿ ಕಾವಲಿರುವ ಹುಡುಗರು ಮಲಗುವ ಚೀಲವಿರಬೇಕೆಂದು ಹೆಂಗಸರು ತಾವೇ ತೀರ್ಮಾನಿಸಿದ್ದರು.

ಜಿಪ್ಪಿನ ಹಿಡಿ ಹೊರಗೆ ಮಾತ್ರ ಇದ್ದದ್ದು ಅವಳ ಕಣ್ಣಿಗೆ ಬಿದ್ದಿತ್ತು. ಒಳಗೆ ಮಲಗಿದವನು ಬೆಳಿಗ್ಗೆ ಏಳಬೇಕಾದರೆ ಇನ್ನೊಬ್ಬರನ್ನು ಕೂಗಬೇಕಲ್ಲ! ಮಾದರಿ ಮಾಡಿದವರು ಮರೆತಿರಬೇಕು. ಹಳೆಯ ಡೇರೆ ಕೆಲಸದಲ್ಲಿ ಉಳಿದಿದ್ದ, ಎರಡೂ ಕಡೆ ಹಿಡಿ ಇರುವ ರನ್ನರ್ ಹುಡುಕಿ, ಜಿಪ್ ಬಿಚ್ಚಿ, ಮತ್ತೆ ಹೊಲಿದಿದ್ದಳು. ಯಾರನ್ನೂ ಕೇಳಲಿಲ್ಲ. ಬಿಚ್ಚಿ ಹೊಲಿಯುವುದಕ್ಕಿಂತ ಬಾಯಿಬಿಟ್ಟು ಕೇಳುವುದು ಅವಳಿಗೆ ಕಷ್ಟ. ಕಾರ್ಖಾನೆಯಲ್ಲಿ ಅವಳ ಹೆಸರೇ ಮೂಗಿ.

"ಮಾತಾಡಿದ್ರೆ ಮುತ್ತು ಉದುರುತ್ತಾ?" ಎಂದ ಮೇಸ್ತ್ರಿ.

ಪಕ್ಕದ ಸಾಲಿನಿಂದ ಕಾಜಾದಮ್ಮ ಕತ್ತು ಚಾಚಿದಳು. ಗುಂಡಿಯ ಕಾಜಾ ಹೊಲಿದು ಹೊಲಿದೇ ಮುದುಕಿಯಾದವಳು. "ಅಲ್ಲ ಮೇಸ್ತ್ರಿ, ರಾತ್ರಿ ಒಂದಕ್ಕೆ ಬಂದ್ರೆ ಆ ಹುಡುಗ್ರು ಏನ್ ಮಾಡ್ಬೇಕು? ಚೀಲದಲ್ಲೇ ಬಿಡ್ಬೇಕಾ?"

ಹೆಂಗಸರು ನಕ್ಕರು. ಮೇಸ್ತ್ರಿ ನಗಲಿಲ್ಲ.

"ಬಿಚ್ಚಿ ಹೊಲಿದು ಎರಡು ಸಾಲು ತೂತು ಮಾಡಿದ್ದೀಯ. ಈ ಬಟ್ಟೇಲಿ ತೂತು ಮುಚ್ಚಲ್ಲ. ಸೋರುತ್ತೆ."

"ಮಳೆನೀರು ಒಳಗೆ ಹೋಗೋಷ್ಟು ಇಲ್ಲ," ಅವಳು ಮೆಲ್ಲಗೆ ಅಂದಳು.

"ಒಳಗೆ ಹೋಗೋದಲ್ಲ ಕಣಮ್ಮ." ಅವನ ದನಿ ತಗ್ಗಿತು. "ಒಳಗಿಂದ ಹೊರಗೆ ಬರಬಾರದು. ಇದ್ರಲ್ಲಿ ಮಲಗಿದೋನು ಏಳಲ್ಲ."

ಒಂದಾದ ಮೇಲೆ ಒಂದು ಮಿಷನ್ ನಿಂತಿತು. ಕಾಜಾದಮ್ಮನೇ ಕೊನೆಗೆ ಕೇಳಿದಳು, "ಯುದ್ಧ ಎಲ್ಲಿದೆ?"

"ಎಲ್ಲೂ ಇಲ್ಲ. ಬಜೆಟ್ಟಲ್ಲಿ ದುಡ್ಡು ಬಂದಿದೆ. ವರ್ಷದೊಳಗೆ ಖರ್ಚು ಮಾಡ್ದಿದ್ರೆ ಮುಂದಿನ ಸಲ ಕಮ್ಮಿ ಕೊಡ್ತಾರಂತೆ. ತಗೊಂಡು ಗೋಡೌನಲ್ಲಿ ಇಟ್ಟಿರ್ತಾರೆ."

"ಯಾರಿಗೆ ಅಂತ?"

"ಯಾರಿಗೂ ಅಲ್ಲ. ಸದ್ಯಕ್ಕೆ."

ಹೊಲಿದು ಮಡಿಸಿಟ್ಟ ಚೀಲಗಳ ರಾಶಿ ಕಿಟಕಿಯ ಎತ್ತರಕ್ಕೆ ಬೆಳೆದಿತ್ತು. ಅವಳು ನೋಡುತ್ತಿದ್ದಂತೆ ಮೇಲಿನವುಗಳ ಭಾರಕ್ಕೆ ಅದು ಒಂದಿಷ್ಟು ಕುಗ್ಗಿತು, ಯಾರೋ ತಡೆದುಕೊಂಡಿದ್ದ ಉಸಿರು ಬಿಟ್ಟಂತೆ. ಅವಳು ತನ್ನ ಚೀಲವನ್ನು ಎರಡು ಬೆರಳಲ್ಲಿ ಎತ್ತಿ ಕೆಟ್ಟ ಮಾಲಿನ ಮೂಲೆಗೆ ಹಾಕಿ ಬಂದಳು. ಸಂಜೆಯವರೆಗೂ ಆ ಕಡೆ ತಿರುಗಲಿಲ್ಲ.

ಕೆಟ್ಟ ಮಾಲನ್ನು ಕೆಲಸ ಬಿಟ್ಟ ಮುದುಕಿಯರು ಶನಿವಾರ ಹಿಂಬಾಗಿಲಿಂದ ಬಂದು ಒಯ್ಯಬಹುದು. ಹಳೆಯ ರೂಢಿ. ಅವಳ ಮನೆ ತುಂಬ ಅದೇ. ಅಜ್ಜಿ ಹೊಲಿಯುತ್ತಿದ್ದಾಗ ಸೈನ್ಯದ ಕೆಲಸಕ್ಕೆ ಒಂದೇ ಸಾಲು ಮಿಷನ್. ಉಳಿದವರೆಲ್ಲ ಆಸ್ಪತ್ರೆಯ ಹಾಸು ಹೊಲಿಯುತ್ತಿದ್ದರು. ಆ ಬಿಳಿ ಬಟ್ಟೆ ಈಗಲೂ ಕಿಟಕಿಯ ಪರದೆ. ಅಮ್ಮನ ಕಾಲಕ್ಕೆ ಅರ್ಧ ಕಾರ್ಖಾನೆ ಸೈನ್ಯದ ಹಸಿರಾಗಿ, ಇನ್ನರ್ಧದಲ್ಲಿ ಶಾಲಾಮಕ್ಕಳ ಲಂಗದ ನೀಲಿ ಉಳಿದಿತ್ತು. ಆ ತುಂಡುಗಳದ್ದೇ ಕೌದಿ. ಅಮ್ಮನ ಕಣ್ಣು ಮಂಜಾಗಿ, ಇವಳು ಶಾಲೆ ಬಿಟ್ಟು ಆ ಮಿಷನ್ನಿಗೆ ಕೂತ ಮೇಲೆ ಮನೆಗೆ ಬಿಳಿಯೂ ಬರಲಿಲ್ಲ, ನೀಲಿಯೂ ಬರಲಿಲ್ಲ. ದಿಂಬು ಹಸಿರು, ನೆಲ ಒರೆಸುವುದು ಹಸಿರು, ಬಿಸಿ ಪಾತ್ರೆ ಹಿಡಿಯುವ ಬಟ್ಟೆಯೂ ಹಸಿರು. ಮೇಷ್ಟ್ರಾಗಬೇಕೆಂದಿದ್ದ ತಮ್ಮ ಎರಡು ವರ್ಷ ಕಾದ. ಶಾಲೆಗಳಿಗೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಸೈನ್ಯಕ್ಕೆ ತೆಗೆದುಕೊಂಡರು. ನಾಳೆ ಬೆಳಿಗ್ಗೆ ಅವನು ಹೊರಡಬೇಕು.

ಅಂದು ಶನಿವಾರ. ಸಂಜೆ ಮನೆಯ ಬಾಗಿಲು ತಳ್ಳಿದವಳು ಹೊಸ್ತಿಲಲ್ಲೇ ನಿಂತಳು.

ನೆಲದ ನಡುವೆ ಹಸಿರು ಚೀಲ. ತಲೆಯವರೆಗೂ ಜಿಪ್ ಎಳೆದಿತ್ತು. ಒಳಗೆ ಯಾರೋ ಹೊರಳುತ್ತಿದ್ದರು. ಅಮ್ಮ ಗೋಡೆಗೆ ಒರಗಿ, ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು.

"ಬಾರೆ, ನೋಡು ನಿನ್ನ ತಮ್ಮನ್ನ! ಎಂಥ ಮಾಲು, ಮೂಲೇಲಿ ಬಿಸಾಕಿದ್ರು. ನಾಳೆ ಇದನ್ನೇ ತಗೊಂಡು ಹೋಗ್ಲಿ. ಚಳಿಗೆ ಆಗುತ್ತೆ."

ಚೀಲ ಹೊರಳುವುದನ್ನು ನಿಲ್ಲಿಸಿತು.

"ಸಾಕು ಬಾರೋ ಆಚೆ," ಅಂದಳು ಅಮ್ಮ.

ಚೀಲ ಅಲ್ಲಾಡಲಿಲ್ಲ.

"ಲೋ..."

ಬಟ್ಟೆಯ ಕೆಳಗೆ ಮೂಗಿನ ಉಬ್ಬು, ಎದೆಯ ಮೇಲೆ ಜೋಡಿಸಿದ ಕೈಗಳ ಉಬ್ಬು. ಅಮ್ಮನ ನಗು ಅರ್ಧಕ್ಕೆ ನಿಂತಿತು. ಆಮೇಲೆ ಒಳಗೆ ಏನೋ ತಡಕಾಡಿದ ಸದ್ದು. ಜಿಪ್ ಸರ್ರನೆ ಕೆಳಗಿಳಿದು, ಕೆದರಿದ ತಲೆ ಹೊರಬಂತು.

"ಅಕ್ಕಾ, ಒಳಗೂ ಹಿಡಿ ಇದೆ ಕಣೆ! ಹೊಲಿದೋರು ಯಾರೋ ಪುಣ್ಯಾತ್ಮರು."

ಅವನು ಕಾಲು ಬಿಡಿಸಿಕೊಂಡು ಏಳುವುದನ್ನೇ ಕಾದಿದ್ದವಳಂತೆ ಅವಳು ಕತ್ತರಿ ತಂದು ಕೂತಳು. ಚೀಲವನ್ನು ಕಾಲಿನ ತುದಿಯಿಂದ ಕತ್ತರಿಸತೊಡಗಿದಳು.

"ಅಯ್ಯೋ, ಹುಚ್ಚು ಹಿಡಿದಿದೆಯೇನೇ ನಿಂಗೆ?" ಅಮ್ಮ ಚೀಲವನ್ನು ಕಿತ್ತುಕೊಳ್ಳಲು ಬಾಗಿದಳು. "ನಿಂದೇನು ಗಂಟು ಹೋಗ್ತಿತ್ತು? ಹುಡುಗ ಬೆಚ್ಚಗೆ..."

ಅಮ್ಮನ ಕೈಗೆ ಪಕ್ಕದ ಪಟ್ಟಿ ಸಿಕ್ಕಿತು. ಕಣ್ಣು ಮಂಜಾದ ಮೇಲೆ ಅವಳು ಬಟ್ಟೆಯನ್ನು ಬೆರಳಲ್ಲೇ ಓದುತ್ತಿದ್ದಳು. ಪಟ್ಟಿಯ ಬುಡ ಮುಟ್ಟಿದಳು. ಭಾರ ತಡೆಯುವ ಹೊಲಿಗೆ, ಅಡ್ಡ ಉದ್ದ ಎರಡೂ ಹೊಡೆದದ್ದು. ಮುಂದಿನ ಪಟ್ಟಿ. ಅದರ ಮುಂದಿನದು. ಕೈ ಆ ಬದಿಗೆ ದಾಟಿತು, ಅಲ್ಲೂ ಹಾಗೇ. ಅಲ್ಲೇ ನಿಂತಿತು. ಅವಳು ಮಗಳ ಕಡೆ ಮುಖವೆತ್ತಿದಳು. ಮಗಳು ತಲೆ ಎತ್ತಲಿಲ್ಲ, ಕತ್ತರಿಯನ್ನೂ ನಿಲ್ಲಿಸಲಿಲ್ಲ.

ಅಮ್ಮ ಎದ್ದು ತನ್ನ ಹಳೆಯ ಡಬ್ಬಿಯಿಂದ ಕತ್ತರಿ ತೆಗೆದು, ಚೀಲದ ತಲೆಯ ಕಡೆ ಕೂತಳು.

"ಅವಳಿಗಂತೂ ತಲೆ ಕೆಟ್ಟಿದೆ, ನಿಂಗೇನಾಯ್ತಮ್ಮ?" ಅಂದ ತಮ್ಮ.

"ಅದು ನಿನ್ನ ಅಳತೇದಲ್ಲಪ್ಪ."

"ಸರಿಯಾಗೇ ಇತ್ತಲ್ಲ. ನನ್ನ ಅಳತೆ ತಗೊಂಡೇ ಹೊಲಿದ ಹಾಗಿತ್ತು."

ದಪ್ಪ ಬಟ್ಟೆಯಲ್ಲಿ ಎರಡು ಕತ್ತರಿಗಳು ಎರಡು ತುದಿಯಿಂದ, ನಿಧಾನವಾಗಿ, ಮಧ್ಯದ ಕಡೆಗೆ ಬರುತ್ತಿದ್ದವು.