ತವರಿನ ಬೀರು

ನನ್ನ ಗಂಡ ಕೃಷ್ಣ ತಾಂಡ್ಯದ ಕಾರ್ಖಾನೆಯಲ್ಲಿ ಕಲಿತ ಪೌಡರ್ ಕೋಟಿಂಗ್ ಕೆಲಸವನ್ನು ಈಗ ಸೋಸಲೆಯ ನಮ್ಮ ಹಿತ್ತಲಲ್ಲೇ ಮಾಡುತ್ತಾನೆ. ಕಬ್ಬಿಣಕ್ಕೆ ಬಣ್ಣದ ಪುಡಿ ಹೊಡೆದು ಓವನ್ನಿನಲ್ಲಿ ಬೇಯಿಸಬೇಕು. ನಮ್ಮ ಓವನ್ ಅಂದರೆ ಹೀಟರ್ ಕೂರಿಸಿದ ಒಂದು ಹಳೆಯ ಬೀರು. ಈ ಸಲ ಅವನು ಒಪ್ಪಿಕೊಂಡು ಬಂದ ಗೇಟು ಅದಕ್ಕಿಂತ ಉದ್ದವಾಗಿತ್ತು.

ಮಹಾರಾಯ ನನ್ನನ್ನು ಏನೂ ಕೇಳಲಿಲ್ಲ. ಟೇಪು ಹಿಡಿದು, ಮದುವೆಯಲ್ಲಿ ಅವ್ವ ಕೊಟ್ಟ ನನ್ನ ಬೀರುವಿನ ಸುತ್ತ ಸುಳಿದಾಡಿದ. ಏನು ಎಂದು ಕೇಳಿದರೆ, "ಜಿರಳೆ ಉಡುಕ್ತಾ ಇವ್ನಿ" ಎಂದ. ನನಗೆ ಮೈಯೆಲ್ಲ ಉರಿಯಿತು. ಸೀರೆಗಳನ್ನು ತೆಗೆದು ಟ್ರಂಕಿಗೆ ತುಂಬಿದೆ.

"ಬಾಯ್ಬುಟ್ಟು ಕೇಳಕ್ಕೆ ಏನಾಗಿತ್ತು ನಿಂಗೆ? ತಕಂಡೋಗು!"

ಅವನು ಎರಡೂ ಬೀರುಗಳನ್ನು ಉದ್ದಕ್ಕೆ ಮಲಗಿಸಿ, ನಡುವಿನ ತಗಡು ಕತ್ತರಿಸಿ ಒಂದಾಗಿ ಜೋಡಿಸಿದ. ಗೇಟು ಇಡಿಯಾಗಿ ಒಳಗೆ ಹೋಗಿ, ನವಿಲಿನ ಕತ್ತಿನ ಬಣ್ಣದಲ್ಲಿ ಹೊರಬಂತು.

ಮುಂದಿನ ವಾರ ಅವ್ವ ಬಂದಳು. ಬೀರು ಎಲ್ಲಿ ಎಂದು ಕೇಳಿದಾಗ ಹಿತ್ತಲಿಗೆ ಕರೆದೊಯ್ದೆ. ಅವಳು ಅದರ ಬಿಸಿ ಬಾಗಿಲನ್ನೇ ದಿಟ್ಟಿಸಿದಳು. ನಾನು ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ.

"ನಮ್ಮನೆ ಗೇಟೂ ತುಕ್ಕಿಡ್ದದೆ ಕಣವ್ವ" ಎಂದಳು. "ಇದ್ರೊಳಕ್ಕೆ ಓಯ್ತದಾ?"