ಕೆಂಪು ಕಾಣದ ಫಿಲ್ಮು

ಏಪ್ರಿಲ್ ಮುಗಿಯುತ್ತ ಬಂದಿತ್ತು. ಹಗಲು ಹನ್ನೆರಡು ಹೊಡೆದಿತ್ತು. ಬೀದರಿನ ಮಂಗಲಪೇಟೆಯ ನಮ್ಮ ಅಂಗಳದಲ್ಲಿ ಬರಿಗಾಲು ಇಡಲಾಗದಷ್ಟು ಬಿಸಿಲು. ಆಗ ಔರಾದಿನಿಂದ ಸುಗರಾ ಬಂದಳು, ತಮ್ಮ ಇಮ್ರಾನನನ್ನು ಕರೆದುಕೊಂಡು. ಕೂತವಳೇ ತಲೆಯ ಮೇಲೆ ಕೈಯಾಡಿಸಿ ನನ್ನ ಮುಂದೆ ಹಿಡಿದಳು. ಬೆರಳ ಸಂದಿಯಲ್ಲಿ ಒಂದು ಹಿಡಿ ಕೂದಲು.

"ಮೂರಕ್ಕ ಹೈದರಾಬಾದಿಗೆ ಕಾರು ಹೊಂಟದ್ರಿ, ದೇಬೋರಾಬಾಯಿ. ನಾಳಿ ಎರಡನೇ ಸಲದ ಕ್ಯಾನ್ಸರ್ ಔಷಧ ಹಾಕ್ತಾರ. ತಿರುಗಿ ಬರೂದ್ರಾಗ ಇದೇನೂ ಉಳಿಯಂಗಿಲ್ಲ. ಕೂದಲ ಬಿಚ್ಚಿಕೊಂಡು ಕೂಡ್ತೇನಿ, ಒಂದು ಫೋಟೋ ತೆಗೀರಿ."

ಇಮ್ರಾನ ನಕ್ಕ. "ಆಪಾ, ಮೊಬೈಲ್‌ನಾಗ ಚಿಟಿಕಿ ಹೊಡೆಯೂದ್ರಾಗ ಆಗ್ತದ. ಬಾಯಿ ಅವರ ಆ ಕಟಗಿ ಪೆಟಗಿ ಯಾಕ?"

"ನಿನ್ನ ಮೊಬೈಲು ಬಾಯಿಬಡಕ. ಫರ್ಹೀನಳ ಲಗ್ನದಾಗ ನನ್ನ ದುಪಟ್ಟಾ ಜಾರಿದ್ದು ತೆಗೆದಿದ್ದಿ. ಭಾಲ್ಕಿಯ ಕಿರಾಣಿ ಅಂಗಡಿಯಂವ ಸೈತ ನೋಡಿದ. ಸುಮ್ಮ ಕೂಡು."

ಅವನು ಮೊಬೈಲನ್ನು ಜೇಬಿಗೆ ಹಾಕಿದ.

ನಾನು ಕಲಿತದ್ದು ಮೂರು ಇಯತ್ತೆ. ಹತ್ತೊಂಬತ್ತನೇ ವಯಸ್ಸಿಗೆ ಮಿಷನ್ ದವಾಖಾನೆಯಲ್ಲಿ ಆಯಾ ಆದೆ. ಎಕ್ಸರೇ ಕೋಣೆಯ ಕೆಂಪು ದೀಪದಡಿ ಎಲುಬಿನ ಚಿತ್ರ ತೊಳೆದು ತೊಳೆದು ಈ ಹುಚ್ಚು ಹತ್ತಿತು. ಭಾಲ್ಕಿಯಲ್ಲೊಂದು ಸ್ಟುಡಿಯೋ ಮುಚ್ಚುವಾಗ ಅವರ ಮರದ ಕ್ಯಾಮೆರಾ ನನ್ನ ಮನೆಗೆ ಬಂತು. ಹೆಂಗಸು ಅಂತ ಪರದೆಯ ಮನೆಗಳವರು ನನ್ನನ್ನೇ ಕರೆಯುತ್ತಿದ್ದರು. ಕರಾರು ಒಂದೇ: ಫೋಟೋ ಅವರ ಕೈಗೆ, ನೆಗೆಟಿವ್ವೂ ಅವರ ಕೈಗೆ. ನನ್ನ ಹತ್ತಿರ ಒಂದೂ ಉಳಿಯಬಾರದು. ಅದರಂತೆಯೇ ನಡೆದುಕೊಂಡಿದ್ದೇನೆ. ಸುಗರಾಳ ಮದುವೆಯ ಫೋಟೋ ನಾನೇ ತೆಗೆದದ್ದು. ಅದನ್ನೂ ಅದರ ನೆಗೆಟಿವ್ವನ್ನೂ ಪೆಟ್ಟಿಗೆಯಲ್ಲಿ ಗೆದ್ದಲು ತಿಂದಿತ್ತು. ಕೂದಲು ಬಿಚ್ಚಿದ ಅವಳ ಚಿತ್ರ ಇನ್ನೆಲ್ಲಿಯೂ ಇರಲಿಲ್ಲ.

ನಾನು ಬಳಸುವುದು ಎಕ್ಸರೇ ಫಿಲ್ಮು. ದವಾಖಾನೆಗೆ ಕಂಪ್ಯೂಟರ್ ಬಂದಾಗ ಉಳಿದ ಪೊಟ್ಟಣ ನನಗೆ ಕೊಟ್ಟಿದ್ದರು. ಅದನ್ನೇ ಕತ್ತರಿಸಿ ಕ್ಯಾಮೆರಾಕ್ಕೆ ಹಾಕಿಕೊಳ್ಳುತ್ತೇನೆ. ಅಂದು ಎರಡು ಫಿಲ್ಮು ಮಾತ್ರ ಉಳಿದಿದ್ದವು.

ಎರಡರಲ್ಲೂ ಅವಳ ಫೋಟೋ ತೆಗೆದೆ. ಇಮ್ರಾನನನ್ನು ಹೊರಗೆ ಕಳಿಸಿ, ಪಡಸಾಲೆಯ ಕಿಟಕಿಯ ಬೆಳಕಿನಲ್ಲಿ ಅವಳನ್ನು ಕೂಡಿಸಿದೆ. ಬಾಚಣಿಕೆ ಹಚ್ಚಲು ಇಬ್ಬರಿಗೂ ಧೈರ್ಯವಾಗಲಿಲ್ಲ. ಕೈಯಿಂದ ಸವರಿ ಮುಂದೆ ತಂದುಕೊಂಡಳು.

ಅಡಿಗೆಮನೆಯ ಪಕ್ಕದ ಉಗ್ರಾಣವೇ ನನ್ನ ಕತ್ತಲೆ ಕೋಣೆ. ತಾನೂ ಒಳಗೆ ಬರುತ್ತೇನೆಂದು ಹಟ ಹಿಡಿದಳು. ಕೆಂಪು ದೀಪ ಹಚ್ಚಿ ಮೊದಲ ಫಿಲ್ಮನ್ನು ಡೆವಲಪರಿಗೆ ಇಳಿಸಿದೆ. ಚಿತ್ರ ಮೂಡತೊಡಗಿತು. ಹಿಂದೆಯೇ ಫಿಲ್ಮಿನ ಮೇಲಿನ ಪದರು ಕಾಯಿಸಿದ ಹಾಲಿನ ಕೆನೆಯಂತೆ ಸುಕ್ಕಾಗಿ, ಸರಿದು, ತಟ್ಟೆಯ ಮೂಲೆಗೆ ಹೋಗಿ ಕೂತಿತು.

"ಏನಾಯ್ತ್ರಿ?"

"ಕೆಟ್ಟಿತು."

ಮಾಳಿಗೆಯ ಟಾಕಿಯ ನೀರನ್ನೇ ಡೆವಲಪರಿಗೆ ಬೆರೆಸಿದ್ದೆ. ಏಪ್ರಿಲ್ ತಿಂಗಳಲ್ಲಿ ಆ ನೀರು ಚಹಾಕ್ಕೆ ಕಾಯಿಸಿದಂತಿರುತ್ತದೆ. ಬೆರಳು ಅದ್ದಿ ನೋಡದೆ ಯಾವತ್ತೂ ಫಿಲ್ಮು ಇಳಿಸಿದವಳಲ್ಲ ನಾನು. ಅವಳ ಕೈಯಲ್ಲಿನ ಕೂದಲು ನೋಡಿದ ಮೇಲೆ ನನಗೂ ಅವಸರ ಹತ್ತಿಬಿಟ್ಟಿತ್ತು. ಹೇಳಿಕೊಳ್ಳಲು ನಾಚಿಕೆಯಾಯಿತು, ಆದರೂ ಹೇಳಿದೆ.

ಸುಗರಾ ಬೈಯಲಿಲ್ಲ. ಬಾಗಿಲು ತೆರೆದು ಕೂಗಿದಳು, "ಇಮ್ರಾನ! ಐಸ್ ತಾ!"

"ಶರಬತ್ತು ಮಾಡ್ತೀರೇನು?"

"ನಿನ್ನ ತಲಿಮ್ಯಾಲ ಇಡ್ತೇನಿ. ಓಡು!"

ತಂದ, ಬೆವರುತ್ತ, ಟವೆಲಿನಲ್ಲಿ ಸುತ್ತಿಕೊಂಡು. ಮುಂದೆ ಅವನು ನಗಲಿಲ್ಲ. ಡೆವಲಪರು, ಮೂಡಿದ ಚಿತ್ರ ಗಟ್ಟಿ ಮಾಡುವ ಹೈಪೋ, ತೊಳೆಯುವ ನೀರು, ಮೂರನ್ನೂ ಐಸಿನ ನಡುವೆ ಇಟ್ಟು, ಬೆರಳು ಜುಮ್ಮೆನ್ನುವತನಕ ಕಾದೆ. ಎರಡು ಗಂಟೆ ದಾಟಿತ್ತು.

ಕೊನೆಯ ಫಿಲ್ಮು ಇಳಿಸಿದೆ. ಹಳೆಯ ರೂಢಿಯಂತೆ ಕರ್ತನ ಪ್ರಾರ್ಥನೆ ಗುಣುಗುಟ್ಟುತ್ತ ತಟ್ಟೆ ಅಲುಗಾಡಿಸಿದೆ. ಒಂದು ಪ್ರಾರ್ಥನೆಗೆ ಅರ್ಧ ನಿಮಿಷ. ತಣ್ಣಗಿನ ಡೆವಲಪರಿಗೆ ಹನ್ನೆರಡು ಬೇಕು. ಆದರೂ ಕಣ್ಣಿನಿಂದ ನೋಡಿಯೇ ತೆಗೆಯುವುದು ನನ್ನ ಪದ್ಧತಿ. ಹಣೆ ಮೂಡಿತು. ಕೆನ್ನೆ ಮೂಡುತ್ತಿತ್ತು.

ಕರೆಂಟು ಹೋಯಿತು.

ಕೆಂಪು ದೀಪ ಆರಿ ನನ್ನ ಕೈಯೇ ನನಗೆ ಕಾಣದಾಯಿತು. ಅದೇ ಹೊತ್ತಿಗೆ ಹೊರಗೆ ಹಾರ್ನು. ಮೂರಕ್ಕೆ ಬರಬೇಕಾದ ಕಾರು ಎರಡೂವರೆಗೇ ಬಂದಿತ್ತು. ಇಮ್ರಾನ ಬಾಗಿಲು ಬಡಿದ.

"ಆಪಾ, ಕಾರಿನಂವ ಬಂದಾನ. ಕತ್ತಲದಾಗ ಏನ್ ಮಾಡ್ಲತ್ತೀರಿ? ಬಾಗಿಲ ತೆಗೀರಿ, ಬ್ಯಾಟರಿ ಕೊಡ್ತೇನಿ." ಬಾಗಿಲನ್ನು ಒಳಕ್ಕೆ ಒತ್ತಿದ.

ಬೆಳಕು ಬಿದ್ದರೆ ಫಿಲ್ಮು ಮುಗಿದಂತೆಯೇ. ಸುಗರಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಹಲಗೆ ಕಿರ್ರೆಂದಿತು. "ಬಾಗಿಲ ತೆಗದಿ ಅಂದ್ರ ನಾ ಹೈದರಾಬಾದಿಗೇ ಬರಂಗಿಲ್ಲ, ನೋಡು!"

ಒತ್ತುವುದು ನಿಂತಿತು. ಆದರೆ ನನ್ನ ಎಣಿಕೆ ತಪ್ಪಿತ್ತು. ಎಂಟೋ, ಒಂಬತ್ತೋ? ಬೇಗ ತೆಗೆದರೆ ಮುಖ ತೆಳ್ಳಗೆ, ತಡವಾದರೆ ಎಲ್ಲಾ ಮಸಿ. ಕೈ ತಟ್ಟೆಯನ್ನು ಅಲುಗಾಡಿಸುತ್ತಲೇ ಇತ್ತು, ಪ್ರಾರ್ಥನೆ ನಿಂತಿತ್ತು.

"ಎಂಟು ಆಗ್ಯಾವ್ರಿ," ಕತ್ತಲೆಯಲ್ಲಿ ಸುಗರಾ ಅಂದಳು. "ಒಂಬತ್ತನೇದು ಅರ್ಧಕ್ಕ ನಿಲ್ಲಿಸೀರಿ. ಅಂದುಬಿಡ್ರಿ."

"ನೀ ಎಣಿಸಿದೇನು?"

"ಮತ್ತ? ನನಗ ಇಲ್ಲಿ ಬ್ಯಾರೆ ಏನು ಕೆಲಸ?"

ಒಂಬತ್ತನ್ನು ಮುಗಿಸಿದೆ. ಹತ್ತು. ಹನ್ನೊಂದು. ಹನ್ನೆರಡಕ್ಕೆ ಫಿಲ್ಮಿನ ತುದಿ ಹಿಡಿದು, ತಡವರಿಸುತ್ತ ಹೈಪೋದಲ್ಲಿ ಮುಳುಗಿಸಿದೆ. ಹತ್ತು ನಿಮಿಷ ಅದರಲ್ಲೇ ಬಿಟ್ಟೆ. ಹಾರ್ನು ಮೂರು ಸಲ ಕೂಗಿತು.

ತೊಳೆದು ಪಡಸಾಲೆಗೆ ತಂದಾಗ ಮೂರು ಹೊಡೆದಿತ್ತು. ಸುಗರಾ ಬುರ್ಖಾ ಹಾಕಿಕೊಂಡು ಬಂದು ಫಿಲ್ಮನ್ನು ಕಿಟಕಿಗೆ ಹಿಡಿದಳು. ಅವಳ ಕೈ ಇಳಿಯಿತು.

"ಮಾರಿ ಸುಟ್ಟು ಕರ್ರಗ ಆಗ್ಯಾದ್ರಿ. ಕೂದಲಂತೂ ಎಲ್ಲಾ ಬೆಳ್ಳಗ. ಇದನ್ನ ನೋಡಾಕ ಬಂದೆನೇನು ನಾ?"

"ನೆಗೆಟಿವ್ವು ಹಂಗೇ ಇರ್ತದವ್ವಾ. ಛಾಪಿಸಾಕ ಹೊತ್ತಿಲ್ಲ. ಕೂಡು."

ಅವಳ ತೊಡೆಯ ಮೇಲೆ, ಕಪ್ಪು ಬುರ್ಖಾದ ಬಟ್ಟೆಯ ಮೇಲೆ ಹಿಡಿದು ಫಿಲ್ಮನ್ನು ತುಸು ಓರೆ ಮಾಡಿದೆ. ಕಿಟಕಿಯ ಬೆಳಕು ಅದರ ಮೇಲೆ ಜಾರಿತು. ತಿರುವುಮುರುವಾಗಿ, ಮುಖ ಬೆಳ್ಳಗೆ ಎದ್ದು ಬಂತು. ಫಿಲ್ಮು ತಿಳಿಯಾಗಿದ್ದಲ್ಲೆಲ್ಲ ಕೆಳಗಿನ ಬಟ್ಟೆಯ ಕಪ್ಪು ಕಂಡಿತು. ಎದೆಯಿಂದ ಸೊಂಟದವರೆಗೆ ಒಂದೇ ಕಪ್ಪು ಕೂದಲು.

ಅವಳು ಬಗ್ಗಿ ನೋಡಿದಳು. "ನನ್ನ ಕೂದಲ ಕೆಂಪು ಅದಾವ್ರಿ. ರಮಜಾನ್ ಈದಿಗೆ ಮೆಹಂದಿ ಹಚ್ಚೇನಿ."

"ಈ ಫಿಲ್ಮಿಗೆ ಕೆಂಪು ಕಾಣಂಗಿಲ್ಲ. ಅದಕ್ಕೇ ಕೆಂಪು ದೀಪದಾಗ ತೊಳೀತೇನಿ. ನಿನ್ನ ಮೆಹಂದಿ ಅದಕ್ಕ ಕಪ್ಪೇ."

ಬಹಳ ಹೊತ್ತು ನೋಡಿದಳು. ಆಮೇಲೆ ಮೂಗು ಒರೆಸಿಕೊಂಡು, "ಯಾರ್ರಿ ಇಕಿ? ನಮ್ಮ ಮನಿಯವರು ಎರಡನೇದು ಮಾಡಿಕೊಂಡಾರೇನು?" ಅಂದಳು. ಇಬ್ಬರೂ ನಕ್ಕೆವು. ನಗುತ್ತಲೇ ಅವಳ ಬೆನ್ನು ಸವರಿದೆ.

ಇಂಥ ಚಿತ್ರ ನನ್ನ ಕೈಯಿಂದ ಹಿಂದೆ ಬಂದಿರಲಿಲ್ಲ. 'ಇಲ್ಲೇ ಬಿಟ್ಟು ಹೋಗು, ಛಾಪಿಸಿ ಇಟ್ಟಿರ್ತೇನಿ' ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಅವಳು ಬಿಟ್ಟೇ ಹೋಗುತ್ತಿದ್ದಳು, ಗೊತ್ತು. ನುಂಗಿಕೊಂಡೆ. ಫಿಲ್ಮು ಇನ್ನೂ ಹಸಿ. ಮೂಲೆಗೆ ದಾರ ಕಟ್ಟಿ, ಹಾಲಿನ ಪುಡಿಯ ಉದ್ದನೆಯ ಡಬ್ಬಿಯೊಳಗೆ ಇಳಿಬಿಟ್ಟು, ಬಾಯಿಗೆ ತೆಳುವಾದ ಅರಿವೆ ಕಟ್ಟಿ ಕೊಟ್ಟೆ.

ಕಾರಿನ ಹತ್ತಿರ ಇಮ್ರಾನ ಕೈ ಚಾಚಿದ. "ಕೊಡು ಆಪಾ, ನಾ ಹಿಡೀತೇನಿ. ನೋಡಂಗಿಲ್ಲ, ಕಸಮ್."

"ನೀ ಐಸ್ ತರಾಕಷ್ಟೇ ಛಲೋ," ಅಂದಳು. ಆಮೇಲೆ ಅವನ ಭುಜ ಹಿಡಿದು ಹತ್ತಿದಳು.

ಅವನು ಮುಂದೆ ಕೂತ. ಅವಳು ಹಿಂದೆ, ಡಬ್ಬಿಯನ್ನು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು. ಸುಗರಾ ಹೈದರಾಬಾದಿಗೆ ಹೊರಟದ್ದು ಗುರುವಾರ, ಮೂರೂ ಇಪ್ಪತ್ತಕ್ಕೆ.